ಥಾಮಸ್ ಜೆಫರ್ಸನ್ ಮತ್ತು ಚೌಕಗಳ ನೆಲ

ವಿಮಾನದ ಕಿಟಕಿಯಿಂದ ಇಲಿನಾಯ್ ಬಯಲನ್ನು ನೋಡಿದವರಿಗೆ ಹೊಲಗಳೂ ರಸ್ತೆಗಳೂ ಚದುರಂಗದ ಮನೆಗಳಂತೆ ಕಾಣುತ್ತವೆ. ಆ ವಿನ್ಯಾಸದ ಮೂಲದಲ್ಲಿರುವವರು ಥಾಮಸ್ ಜೆಫರ್ಸನ್. ಅವರನ್ನು ಅಮೆರಿಕದ ಮೂರನೆಯ ಅಧ್ಯಕ್ಷರೆಂದಷ್ಟೇ ಅರಿತಿದ್ದ ನಾನು, ಭೂಮಾಪಕರೆಂದು ತಿಳಿದದ್ದು ವೈದ್ಯವೃತ್ತಿಯ ನಡುವೆ ಕೈಗೆತ್ತಿಕೊಂಡ ಒಂದು ನಕ್ಷೆಯ ಕೆಲಸದಿಂದ.

ಜೆಫರ್ಸನ್ 1743ರಲ್ಲಿ ವರ್ಜೀನಿಯಾದ ಶ್ಯಾಡ್‌ವೆಲ್‌ನಲ್ಲಿ ಜನಿಸಿದರು. ತಂದೆ ಪೀಟರ್ ಜೆಫರ್ಸನ್, ಜೋಶುವಾ ಫ್ರೈ ಅವರೊಡನೆ ವರ್ಜೀನಿಯಾದ ಪ್ರಸಿದ್ಧ ನಕ್ಷೆಯನ್ನು ರಚಿಸಿದ ಭೂಮಾಪಕರು. 14ನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಮಗ ಮುಂದೆ ವಕೀಲರಾದರು. 1773ರಲ್ಲಿ ಆಲ್ಬೆಮಾರ್ಲ್ ಕೌಂಟಿಯ ಭೂಮಾಪಕರಾಗಿಯೂ ನೇಮಕಗೊಂಡರು. 1776ರಲ್ಲಿ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದರು. ಪಶ್ಚಿಮದ ನೆಲವನ್ನು ಹತ್ತು ಮೈಲಿ ಬದಿಯ ಚೌಕಗಳಾಗಿ ವಿಭಾಗಿಸುವ ಯೋಜನೆ 1784ರಲ್ಲಿ ಅವರ ನೇತೃತ್ವದ ಸಮಿತಿಯಿಂದ ಬಂದಿತು. ಮರುವರ್ಷದ ಶಾಸನ ಬದಿಯನ್ನು ಆರು ಮೈಲಿಗೆ ಇಳಿಸಿತು: ಒಂದು ಟೌನ್‌ಶಿಪ್ಪಿಗೆ 36 ಭಾಗ, ಪ್ರತಿ ಭಾಗಕ್ಕೆ 640 ಎಕರೆ. ಆ ವೇಳೆಗೆ ಅವರು ಪ್ಯಾರಿಸ್‌ನಲ್ಲಿದ್ದರು.

ಆದರೆ ಭೂಮಿ ದುಂಡಗಿದೆ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಸಮೀಪಿಸುತ್ತವೆ. 40 ಡಿಗ್ರಿ ಅಕ್ಷಾಂಶದ ಬಳಿ ಟೌನ್‌ಶಿಪ್ಪಿನ ಉತ್ತರದ ಬದಿ ದಕ್ಷಿಣದ ಬದಿಗಿಂತ ಸುಮಾರು 40 ಅಡಿ ಕಿರಿದು. ಅಳತೆಯ ಹೆಚ್ಚುಕಡಿಮೆಯನ್ನೆಲ್ಲ ಉತ್ತರ ಮತ್ತು ಪಶ್ಚಿಮದ ಅಂಚಿನ ಭಾಗಗಳಿಗೆ ಸೇರಿಸಬೇಕೆಂದು 1800ರ ಶಾಸನ ವಿಧಿಸಿತು.

ನಾನು ಎಡವಿದ್ದು ಇಲ್ಲಿಯೇ. ಕಾಯಿಲೆಯ ಹರಡುವಿಕೆಯನ್ನು ತೋರಿಸಲು ಜಿಐಎಸ್‌ನಲ್ಲಿ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದೆ. ಅದು ಪ್ರತಿ ಆಯತದ ಉದ್ದ ಅಗಲಗಳನ್ನು ಗ್ರಿಡ್ಡಿನ ಅಳತೆಗೆ ಹೊಂದಿಸಿ, ಮೂಲೆಗಳನ್ನು ಹತ್ತಿರದ ಗ್ರಿಡ್ ಬಿಂದುಗಳಿಗೆ ಸರಿಸುತ್ತಿತ್ತು. ನಕ್ಷೆ ಅಂದವಾಯಿತು, ಅಂಚಿನ ಕೆಲವು ಮನೆಗಳು ಮಾತ್ರ ಪಕ್ಕದ ಚೌಕಕ್ಕೆ ಸೇರಿ, ಎರಡೂ ಕಡೆಯ ರೋಗಪ್ರಮಾಣ ತಪ್ಪಾಯಿತು. ಮನೆಗಳನ್ನು ಮೂಲ ಗಡಿಯಲ್ಲಿಯೇ ಎಣಿಸಿ, ಮೂಲ ವಿಸ್ತೀರ್ಣವನ್ನು ಬೇರೆ ಅಂಕಣದಲ್ಲಿ ಉಳಿಸಿ, ಚೌಕವನ್ನು ಚಿತ್ರಕ್ಕಷ್ಟೇ ಬಳಸಿದಾಗ ಲೆಕ್ಕ ಸರಿಹೋಯಿತು.

1801ರಿಂದ 1809ರವರೆಗೆ ಅಧ್ಯಕ್ಷರಾಗಿದ್ದ ಜೆಫರ್ಸನ್ 1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು ಕೊಂಡರು. ಚೌಕಗಳು ಮಿಸಿಸಿಪಿ ನದಿಯನ್ನೂ ದಾಟಿದವು. ಆ ನೆಲದಲ್ಲಿ ಮೊದಲಿನಿಂದ ಬಾಳಿದ್ದ ಮೂಲನಿವಾಸಿಗಳ ಗಡಿಗಳಿಗೆ ಚೌಕಗಳಲ್ಲಿ ಎಡೆಯಿರಲಿಲ್ಲ. ಸಮಾನತೆಯನ್ನು ಸಾರಿದ ಅವರು ತಮ್ಮ ಜೀವಿತಾವಧಿಯಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇರಿಸಿಕೊಂಡಿದ್ದರು. 1826ರ ಜುಲೈ 4ರಂದು, ಘೋಷಣೆಯ ಐವತ್ತನೆಯ ವರ್ಷದ ದಿನವೇ, ಮಾಂಟಿಚೆಲೊದಲ್ಲಿ ನಿಧನರಾದರು.

ನಲವತ್ತು ಅಡಿಯ ವ್ಯತ್ಯಾಸಕ್ಕೆ ಶಾಸನ ಒಂದು ಅಂಚನ್ನು ಮೀಸಲಿಟ್ಟಿತು. ಮನುಷ್ಯರಿಗೆ ಅಷ್ಟನ್ನೂ ಇಡಲಿಲ್ಲ. ಆಯತವನ್ನು ಚೌಕಕ್ಕೆ ಹೊಂದಿಸುವಾಗಲೆಲ್ಲ, ಹೊರಗೆ ಉಳಿದವರು ಯಾರೆಂದು ಈಗ ನಾನು ಮೊದಲು ನೋಡುತ್ತೇನೆ.