ಹಂಚಿನ ಕಾರ್ಖಾನೆಯ ಪ್ಲೆಬ್ಸ್ಟ್ ಅಯ್ಯನವರು

ಹೊಸದುರ್ಗ ಸೀಮೆಯ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗಳಿಗೆ ಹೆಸರಾದ ಊರು. ಟಿಪ್ಪುವಿನ ಆಳಿಕೆ ಮುಗಿದ ಬಳಿಕ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು ಅಲ್ಲಿಯ ಕುಲುಮೆಗಳ ಕೆಲಸವನ್ನು ವಿವರವಾಗಿ ಬರೆದಿಟ್ಟನು. ಆತನ ಗ್ರಂಥವು 1807ರಲ್ಲಿ ಅಚ್ಚಾಯಿತು. ಪರಸ್ಥಳದ ಬಳೆಗಳು ಸಂತೆಗೆ ಬಂದ ಮೇಲೆ ಆ ಕಸಬು ಕುಂದಿತು. ಮಣ್ಣು ಬೆಂಕಿಗಳನ್ನು ನಂಬಿದ ಜೀವನವು ಎಷ್ಟು ಅಸ್ಥಿರವೆಂದು ನಮ್ಮ ಹಳ್ಳಿಗಳವರು ಬಲ್ಲರು. ಅದೇ ಮಣ್ಣು ಬೆಂಕಿಗಳಿಂದ ಮಂಗಳೂರಿನಲ್ಲಿ ದೊಡ್ಡ ಕೈಗಾರಿಕೆಯೊಂದನ್ನು ಹುಟ್ಟಿಸಿದ ಜಾರ್ಜ್ ಪ್ಲೆಬ್ಸ್ಟರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಬಾಸೆಲ್ ಮಿಶನಿನವರು 1834ರಲ್ಲಿ ಕರಾವಳಿಗೆ ಬಂದರು. ಸುವಾರ್ತೆಯನ್ನು ಅಂಗೀಕರಿಸಿ ದೀಕ್ಷಾಸ್ನಾನ ಹೊಂದಿದವರಿಗೆ ಆ ದಿನಗಳಲ್ಲಿ ಬಂದ ಕಷ್ಟವು ಸಾಮಾನ್ಯವಾದದ್ದಲ್ಲ. ಜಾತಿಯವರು ಹೊರಗೆ ಹಾಕಿದರು. ಒಕ್ಕಲಾಗಿದ್ದವನಿಗೆ ಗೇಣಿಯ ಭೂಮಿ ತಪ್ಪಿತು. ಕಳ್ಳು ಇಳಿಸುತ್ತಿದ್ದ ಬಿಲ್ಲವನು ಸಭೆಗೆ ಸೇರಿದ ಮೇಲೆ ಆ ಕಸಬನ್ನು ಬಿಡಬೇಕಾಯಿತು. ಹೀಗಿರಲಾಗಿ ಹೆಂಡತಿ ಮಕ್ಕಳಿಗೆ ಏನು ಉಣ್ಣಿಸಬೇಕು? ಮಿಶನಿನ ಧರ್ಮದ ಅನ್ನವನ್ನೇ ಉಣ್ಣುತ್ತಾ ಕೂತರೆ ಮನುಷ್ಯನ ಬೆನ್ನೆಲುಬು ಬಾಗುತ್ತದೆ. ಬೇಸಾಯವನ್ನೂ ಗಡಿಯಾರದ ಕೆಲಸವನ್ನೂ ಮಿಶನಿನವರು ಪರೀಕ್ಷಿಸಿ ನೋಡಿದರು, ಅವು ನಿಲ್ಲಲಿಲ್ಲ.

1851ರಲ್ಲಿ ಜರ್ಮನಿ ದೇಶದಿಂದ ಇಬ್ಬರು ಕಸಬುದಾರರು ಮಂಗಳೂರಿಗೆ ಬಂದರು. ಒಬ್ಬರು ನೇಯ್ಗೆಯನ್ನು ಬಲ್ಲ ಹಾಲರ್. ಖಾಕಿ ಬಣ್ಣವು ಇವರ ನೇಯ್ಗೆ ಶಾಲೆಯಲ್ಲಿಯೇ ಹುಟ್ಟಿತೆಂಬ ಮಾತು ಇಂದಿಗೂ ಅಲ್ಲಿ ಪ್ರಸಿದ್ಧವಾಗಿದೆ. ಇನ್ನೊಬ್ಬರು ಯಂತ್ರಗಳ ಕೆಲಸ ಬಲ್ಲ ಪ್ಲೆಬ್ಸ್ಟ್. ಇವರು ಬಂದದ್ದು ಅಚ್ಚುಕೂಟಕ್ಕಾಗಿ. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಗಿದ್ದ ಆ ಅಚ್ಚುಕೂಟವನ್ನು ಅಚ್ಚುಮೊಳೆಗಳ ಮುದ್ರಣಕ್ಕೆ ತರುವದರಲ್ಲಿ ಇವರು ಬಹಳ ದುಡಿದರು. ಕನ್ನಡ ಪುಸ್ತಕಗಳನ್ನು ಓದುವ ನಾವು ಅದೊಂದಕ್ಕಾದರೂ ಅವರನ್ನು ನೆನೆಯಬೇಕು. ಆದರೆ ಅಚ್ಚುಕೂಟವು ಎಷ್ಟು ಮಂದಿಗೆ ಅನ್ನ ಕೊಟ್ಟೀತು? ಅಕ್ಷರ ಬಾರದವನಿಗೆ ಅಲ್ಲಿ ಕೆಲಸವಿಲ್ಲ.

ನೇತ್ರಾವತಿ ನದಿಯ ದಡದ ಜೇಡಿಮಣ್ಣಿನ ಮೇಲೆ ಪ್ಲೆಬ್ಸ್ಟರ ಕಣ್ಣು ಬಿತ್ತು. ಅದನ್ನು ಸುಟ್ಟು ಪರೀಕ್ಷಿಸಿ, ಹಂಚಿಗೆ ತಕ್ಕದ್ದೆಂದು ಕಂಡುಕೊಂಡು, 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ಆರಂಭಿಸಿದರು. ಆಗ ಇದ್ದದ್ದು ಇಬ್ಬರು ಕೆಲಸಗಾರರು, ಒಂದು ಜೋಡಿ ಎತ್ತು; ದಿನಕ್ಕೆ ಆಗುತ್ತಿದ್ದದ್ದು 560 ಹಂಚು. ಎತ್ತು ತಿರುಗಿಸುವ ಯಂತ್ರದಲ್ಲಿ ಮಣ್ಣನ್ನು ನಾದಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಬಳಿಕ ಗೂಡಿನಲ್ಲಿ ಸುಡುವರು. ಕುಂಬಾರನ ನಾಡಹಂಚನ್ನು ವರುಷ ವರುಷವೂ ಕೈಯಾಡಿಸಬೇಕು. ಮಂಗ ನಡೆದರೂ ಅದು ಜಾರುತ್ತದೆ. ಹುಲ್ಲಿನ ಮಾಡಿಗೋ ಬೆಂಕಿಯ ಭಯ. ಈ ಹೊಸ ಹಂಚಾದರೋ ಅಂಚಿನ ಗಾಡಿಗಳಿಂದ ಒಂದಕ್ಕೊಂದು ಕಚ್ಚಿಕೊಂಡು ಮಲೆನಾಡಿನ ಮಳೆಗೂ ಅಲುಗದೆ ನಿಂತಿತು.

ಇತರರೂ ಬೇಗನೆ ಈ ಕೆಲಸಕ್ಕೆ ಕೈಹಾಕಿದರು. 1868ರಲ್ಲಿಯೇ ಮಂಗಳೂರಿನ ಆಲ್ಬುಕರ್ಕ್ ಮನೆತನದವರು ತಮ್ಮ ಕಾರ್ಖಾನೆಯನ್ನು ತೆರೆದರು. ಮಿಶನಿನವರು 1873ರಲ್ಲಿ ಕಲ್ಲಿಕೋಟೆಯಲ್ಲಿ, 1882ರಲ್ಲಿ ಕುದ್ರೋಳಿಯಲ್ಲಿ, 1886ರಲ್ಲಿ ಮಲ್ಪೆಯಲ್ಲಿ ಹೊಸ ಕಾರ್ಖಾನೆಗಳನ್ನು ಸ್ಥಾಪಿಸಿದರು. ಎತ್ತುಗಳ ಸ್ಥಳಕ್ಕೆ ಉಗಿಯಂತ್ರ ಬಂತು. ಹಡಗುಗಳಲ್ಲಿ ಹಂಚು ಸಮುದ್ರ ದಾಟಿತು.

ದೇವರ ಸೇವೆಗೆ ಬಂದವರಿಗೆ ವ್ಯಾಪಾರವು ಯಾಕೆ ಎಂಬ ಪ್ರಶ್ನೆ ಮಿಶನಿನ ಒಳಗೂ ಎದ್ದಿತ್ತು. ಲಾಭನಷ್ಟದ ಲೆಕ್ಕವು ಸಭೆಯ ಲೆಕ್ಕದೊಡನೆ ಬೆರೆಯದಂತೆ 1859ರಲ್ಲಿಯೇ ಬಾಸೆಲಿನ ಕ್ರೈಸ್ತ ವರ್ತಕರು ಬೇರೆ ವ್ಯಾಪಾರ ಮಂಡಲಿಯನ್ನು ಕಟ್ಟಿದ್ದರು. ಉಪದೇಶ ಮಾಡುವವನೇ ಕೂಲಿಯನ್ನೂ ಕೊಡುವವನಾದರೆ ನಂಬಿಕೆಗೂ ಹೊಟ್ಟೆಗೂ ಗಂಟು ಬೀಳುವದೆಂಬ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳಲಾರೆವು. ಆದರೂ ಭೂಮಿ ಕಳಕೊಂಡ ಒಕ್ಕಲಿಗನ ಮನೆಯಲ್ಲಿ ಒಲೆ ಉರಿಯುವಂತೆ ಮಾಡಿದ್ದು ಜೆಪ್ಪುವಿನ ಗೂಡಿನ ಬೆಂಕಿಯೇ ಎಂಬದನ್ನೂ ಮರೆಯಲಾಗದು.

1914ರ ಮಹಾಯುದ್ಧದಲ್ಲಿ ಸರಕಾರದವರು ಈ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. 1919ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಅವು ಸೇರಿದವು. ಹಳೆಯ ಮನೆಗಳ ಮಾಡಿನಿಂದ ಇಳಿಸಿದ ಹಂಚುಗಳ ಬೆನ್ನಿನಲ್ಲಿ ಬಾಸೆಲ್ ಮಿಶನಿನ ಹೆಸರೂ 1865 ಎಂಬ ಇಸವಿಯೂ ಇನ್ನೂ ಕಾಣುತ್ತವೆ. ಪ್ಲೆಬ್ಸ್ಟರ ಹೆಸರು ಅದರಲ್ಲಿಲ್ಲ.