ಎರಡು ಬಾರಿ ಬರೆದ ಮಹಾಪ್ರಬಂಧ: ಎಂ. ಎನ್. ಶ್ರೀನಿವಾಸರ ವಿದ್ವಜ್ಜೀವನ

ಗೋರೆಗಾಂವ್‌ನಲ್ಲಿ ಲೋಕಲ್ ರೈಲು ಹತ್ತಿ, ಸಾಂತಾಕ್ರೂಜ್‌ನಲ್ಲಿ ಇಳಿದು, ಕಲಿನಾ ಆವರಣಕ್ಕೆ ಬರುವ ಕನ್ನಡದ ಸಂಶೋಧನ ವಿದ್ಯಾರ್ಥಿಗೆ ಪಿಎಚ್.ಡಿ. ಎಂಬುದು ಈಗ ಪರಿಚಿತವಾದ ದಾರಿ. ನೋಂದಣಿ, ಮಾರ್ಗದರ್ಶಕರು, ಅವಧಿ ಎಲ್ಲಕ್ಕೂ ಗೊತ್ತಾದ ಕ್ರಮವಿದೆ. 1936ರಲ್ಲಿ ಮೈಸೂರಿನಿಂದ ತರುಣನೊಬ್ಬ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಬಂದಾಗ ಗೋರೆಗಾಂವ್ ಇನ್ನೂ ನಗರದ ಎಲ್ಲೆಯ ಹೊರಗಿನ ಊರಾಗಿತ್ತು. ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುವುದೂ ನಮ್ಮ ದೇಶದಲ್ಲಿ ಅಷ್ಟೇ ಹೊಸತಾಗಿತ್ತು. ಆ ತರುಣನೇ ಮೈಸೂರು ನರಸಿಂಹಾಚಾರ್ ಶ್ರೀನಿವಾಸ್. ಕನ್ನಡ ಸಂಸ್ಕೃತಿಯನ್ನು ಕುರಿತ ಬರಹಗಳಲ್ಲಿ ಸಂಸ್ಕೃತೀಕರಣ, ಪ್ರಬಲ ಜಾತಿ ಎಂಬ ಪರಿಭಾಷೆಗಳನ್ನು ಬಳಸುವ ನಮ್ಮಲ್ಲಿ ಎಷ್ಟು ಮಂದಿಗೆ ಅವುಗಳ ಹಿಂದಿರುವ ದೀರ್ಘ ವ್ಯಾಸಂಗದ ಆರಂಭ ಮುಂಬಯಿಯಲ್ಲಿ ಆಯಿತೆಂಬುದು ನೆನಪಿದೆಯೋ ತಿಳಿಯದು.

ಶ್ರೀನಿವಾಸರು 1916ರ ನವೆಂಬರ್ 16ರಂದು ಮೈಸೂರಿನಲ್ಲಿ ಜನಿಸಿದರು. ಮನೆ ಕಾಲೇಜು ರಸ್ತೆಯ ಅಯ್ಯಂಗಾರರ ಮನೆ. ಅದರ ಹಿಂದೆಯೇ ಕುರುಬರು ನೆಲೆಸಿದ್ದ ಬಂಡಿಕೇರಿ. ಕೆಲವೇ ಹೆಜ್ಜೆಗಳ ಅಂತರದಲ್ಲಿ ಊಟ, ಮಾತು, ದೇವರು, ಜಗಳ ಎಲ್ಲವೂ ಬೇರೆಯಾಗುತ್ತಿದ್ದುದನ್ನು ಅವರು ಬಾಲ್ಯದಲ್ಲೇ ಕಂಡರು. ಮಹಾರಾಜಾ ಕಾಲೇಜಿನಲ್ಲಿ ಎ. ಆರ್. ವಾಡಿಯಾ ಅವರ ನೇತೃತ್ವದ ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್ ತರಗತಿಯಲ್ಲಿ ಓದಿ ಅವರು ಮುಂಬಯಿಯತ್ತ ಹೊರಟರು.

ಮುಂಬಯಿಯಲ್ಲಿ ಅವರಿಗೆ ದೊರೆತ ಗುರುಗಳು ಜಿ. ಎಸ್. ಘುರ್ಯೆ. ಕೇಂಬ್ರಿಜ್‌ನಲ್ಲಿ ರಿವರ್ಸ್ ಮತ್ತು ಹ್ಯಾಡನ್ ಅವರ ಬಳಿ ಡಾಕ್ಟರೇಟ್ ಪಡೆದು ಬಂದು 1924ರಿಂದ ಸಮಾಜಶಾಸ್ತ್ರ ವಿಭಾಗವನ್ನು ನಡೆಸುತ್ತಿದ್ದ ಘುರ್ಯೆಯವರು ಸಂಸ್ಕೃತ ಗ್ರಂಥಗಳನ್ನೂ ಜನಾಂಗಗಳ ವಿವರಗಳನ್ನೂ ಒಟ್ಟಿಗೆ ಓದಬಲ್ಲ ಅಪಾರ ವಿದ್ವಾಂಸರು. ವಿದ್ಯಾರ್ಥಿಗಳಿಗೆ ವಿಷಯವನ್ನು ಹಂಚುವವರೂ ಅವರೇ, ಸಾಮಗ್ರಿಯನ್ನು ತರಲು ಹಳ್ಳಿಗಳಿಗೆ ಕಳುಹಿಸುವವರೂ ಅವರೇ. ಶ್ರೀನಿವಾಸರು ಎಂ.ಎ. ಪದವಿಗಾಗಿ ಬರೆದ ಮೈಸೂರಿನ ವಿವಾಹ ಮತ್ತು ಕುಟುಂಬ ವಿಚಾರದ ಪ್ರಬಂಧ 1942ರಲ್ಲಿ ಗ್ರಂಥವಾಗಿ ಹೊರಬಂದಿತು. ಸಂಶೋಧನ ಸಹಾಯಕರಾಗಿ ಅವರು ತಮಿಳು ಮತ್ತು ತೆಲುಗು ಜನಪದ ಗೀತೆಗಳನ್ನೂ ಸಂಗ್ರಹಿಸಿದರು. ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ಕೊಡವರ ಸಮಾಜ.

ಕೊಡಗಿನ ಕ್ಷೇತ್ರಕಾರ್ಯ ಸುಲಭವಾಗಿರಲಿಲ್ಲ. ಆರೋಗ್ಯ ಕೆಟ್ಟದ್ದರಿಂದ ಒಂದೇ ಕಡೆ ದೀರ್ಘಕಾಲ ನಿಲ್ಲಲಾಗದೆ ಸಣ್ಣ ಪ್ರವಾಸಗಳಲ್ಲಿ ಅದನ್ನು ನಡೆಸಬೇಕಾಯಿತು. ಹಾಗಿದ್ದೂ ಪ್ರಬಂಧ ಎರಡು ಸಂಪುಟಗಳಷ್ಟು ಬೆಳೆಯಿತು. ಮುಂಬಯಿ ವಿಶ್ವವಿದ್ಯಾನಿಲಯ ಅದಕ್ಕೆ ಡಾಕ್ಟರೇಟ್ ಪದವಿಯನ್ನು ನೀಡಿತು. ಪದವಿ ಬಂದಿತಾದರೂ ಬರೆದವರಿಗೆ ತೃಪ್ತಿ ಬರಲಿಲ್ಲ. ಸಂಗತಿಗಳು ರಾಶಿ ಬಿದ್ದಿದ್ದವು. ಅವುಗಳ ನಡುವಣ ಸಂಬಂಧವೇನು ಎಂಬ ಪ್ರಶ್ನೆಗೆ ಉತ್ತರ ಇನ್ನೂ ದೊರೆತಿರಲಿಲ್ಲ.

1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದಾಗ ಅವರು ಈ ಸಾಮಗ್ರಿಯನ್ನು ಜೊತೆಯಲ್ಲೇ ಕೊಂಡೊಯ್ದರು. ಬೇರೊಂದು ವಿಷಯವನ್ನು ಹೊಸದಾಗಿ ಆರಂಭಿಸುವ ಬದಲು ಕೊಡಗಿನ ಸಾಮಗ್ರಿಯನ್ನೇ ಧರ್ಮ ಮತ್ತು ಸಮಾಜದ ಸಂಬಂಧವೆಂಬ ದೃಷ್ಟಿಯಿಂದ ಮರಳಿ ಬರೆಯುವಂತೆ ರ್‍ಯಾಡ್‌ಕ್ಲಿಫ್-ಬ್ರೌನ್ ಸೂಚಿಸಿದರು. ಈಗಾಗಲೇ ಒಮ್ಮೆ ಪದವಿ ತಂದ ಪ್ರಬಂಧವನ್ನು ಬಿಚ್ಚಿ ಇನ್ನೊಮ್ಮೆ ಕಟ್ಟುವುದಕ್ಕೆ ವಿನಯ ಬೇಕು, ಧೈರ್ಯವೂ ಬೇಕು. ಈಗ ಒಕ್ಕ ಎಂಬ ಕುಟುಂಬ ಘಟಕ, ಮಂಗಲ ಎಂಬ ಸಂಸ್ಕಾರ, ಮಡಿ-ಮೈಲಿಗೆಯ ಕಲ್ಪನೆಗಳು ಬಿಡಿ ಸಂಗತಿಗಳಾಗಿ ಉಳಿಯದೆ ಒಂದನ್ನೊಂದು ಬೆಳಗತೊಡಗಿದವು. ರ್‍ಯಾಡ್‌ಕ್ಲಿಫ್-ಬ್ರೌನ್ ನಿವೃತ್ತರಾದ ಮೇಲೆ ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ 1947ರಲ್ಲಿ ಡಿ.ಫಿಲ್. ಪದವಿ ಬಂದಿತು. 1952ರಲ್ಲಿ ಅದು ಗ್ರಂಥವಾದಾಗ ಸಂಸ್ಕೃತೀಕರಣದ ಪರಿಕಲ್ಪನೆ ವಿದ್ವತ್ ಲೋಕಕ್ಕೆ ಪರಿಚಯವಾಯಿತು. ಮುಂಬಯಿಯ ಸಂಪುಟಗಳಿಲ್ಲದೆ ಆಕ್ಸ್‌ಫರ್ಡಿನ ಗ್ರಂಥವಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಗ್ರಂಥಾಧಾರವನ್ನು ಹೆಚ್ಚಾಗಿ ನಂಬಿದ ಗುರುಗಳಿಗೂ ಕಣ್ಣಾರೆ ಕಂಡ ಕ್ಷೇತ್ರವನ್ನು ನಂಬಿದ ಶಿಷ್ಯರಿಗೂ ಮುಂದೆ ಅಭಿಪ್ರಾಯಭೇದ ಬೆಳೆಯಿತಾದರೂ ಆ ಋಣ ಋಣವೇ.

1948ರಲ್ಲಿ ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಕ ಹುದ್ದೆ ದೊರೆಯಿತು. ಮೊದಲ ವರ್ಷವನ್ನು ಕ್ಷೇತ್ರಕಾರ್ಯದಲ್ಲೇ ಕಳೆಯಲು ಅನುಮತಿಯೂ ಇತ್ತು. ಆ ವರ್ಷದ ಬಹುಭಾಗವನ್ನು ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕಳೆದರು. ಹೆಸರನ್ನು ಮರೆಸಿ ಅದಕ್ಕೆ ರಾಮಪುರವೆಂದು ಕರೆದರು. ಆ ಹಳ್ಳಿಯ ಗೌಡರು, ಒಕ್ಕಲುಗಳು, ನ್ಯಾಯ ಪಂಚಾಯಿತಿಗಳು ಅವರ ಮುಂದಿನ ಬರಹಗಳಿಗೆಲ್ಲ ಮೂಲವಾದವು. ಆದರೆ ಆ ಹಳ್ಳಿಯ ಸಮಗ್ರ ಗ್ರಂಥ ಮಾತ್ರ ಬೇಗ ಬರಲಿಲ್ಲ.

ಬರದಿರುವುದಕ್ಕೆ ಮುಖ್ಯ ಕಾರಣ ಸಂಸ್ಥೆಗಳನ್ನು ಕಟ್ಟುವ ಕೆಲಸವೆಂದು ನನಗೆ ತೋರುತ್ತದೆ. 1951ರಲ್ಲಿ ಆಕ್ಸ್‌ಫರ್ಡನ್ನು ಬಿಟ್ಟು ಅವರು ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಆರಂಭಿಸಿದರು. 1959ರಲ್ಲಿ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಮತ್ತೊಂದು ವಿಭಾಗವನ್ನು ಬುಡದಿಂದ ಕಟ್ಟಿದರು. ಪಠ್ಯಕ್ರಮ, ನೇಮಕಾತಿ, ಗ್ರಂಥಾಲಯ, ಸಮಿತಿಗಳು: ಇವುಗಳಲ್ಲಿ ಒಂದೂ ವಿದ್ವಾಂಸನ ಬಿಡುವನ್ನು ಗೌರವಿಸುವುದಿಲ್ಲ. ಎ. ಎಂ. ಶಾ, ಆಂದ್ರೆ ಬೆತೇಲ್, ವೀಣಾ ದಾಸ್ ಅವರಂಥವರು ಅವರ ಬಳಿ ಸಂಶೋಧನೆ ಮಾಡಿ ಹೆಸರಾದರು. ಶಿಷ್ಯರ ಮಹಾಪ್ರಬಂಧಗಳು ಮುಗಿಯುತ್ತಿದ್ದವು. ಗುರುವಿನ ಹಳ್ಳಿಯ ಗ್ರಂಥ ಟಿಪ್ಪಣಿಗಳಲ್ಲೇ ಇತ್ತು.

ಕೊನೆಗೆ ಅದನ್ನು ಬರೆಯಲೆಂದೇ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದ ಉನ್ನತ ಅಧ್ಯಯನ ಕೇಂದ್ರಕ್ಕೆ ಹೋದರು. ಹದಿನೆಂಟು ವರ್ಷಗಳ ಕಾಲ ವಿಂಗಡಿಸಿ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಅಲ್ಲಿಯ ಕೊಠಡಿಯಲ್ಲಿದ್ದವು. 1970ರ ಏಪ್ರಿಲ್ 24ರಂದು ದುಷ್ಕರ್ಮಿಗಳು ಆ ಕೇಂದ್ರಕ್ಕೆ ಬೆಂಕಿ ಹಚ್ಚಿದರು. ಮೂರು ಪ್ರತಿಗಳೂ ಬೆಂಕಿಗೆ ಸಿಕ್ಕವು. ಮೂರನ್ನೂ ಒಂದೆಡೆ ಇಟ್ಟದ್ದು ಇಂದಿನ ವಿದ್ಯಾರ್ಥಿಗೆ ವಿಚಿತ್ರವೆನಿಸಬಹುದು. ಬರೆಯುವ ಮೇಜಿನ ಬಳಿ ಎಲ್ಲವೂ ಇರಲೆಂಬ ಆಸೆ ಯಾವ ಸಂಶೋಧಕನಿಗಿಲ್ಲ?

ನೆನಪಿನಿಂದಲೇ ಬರೆಯುವಂತೆ ಸೋಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು ಸಲಹೆ ನೀಡಿದರು. ಶ್ರೀನಿವಾಸರು ಹಾಗೆಯೇ ಮಾಡಿದರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಪ್ರಕಟವಾಯಿತು. ಕೋಷ್ಟಕಗಳ ಭಾರವಿಲ್ಲದ ಈ ಗ್ರಂಥದಲ್ಲಿ ಹಳ್ಳಿಯ ಜನ ಹೆಸರು, ಹಟ, ಹಾಸ್ಯಗಳೊಡನೆ ಬದುಕುತ್ತಾರೆ. ಬರೆಯುವವನೂ ಅವರ ನಡುವೆ ಒಬ್ಬ ಪಾತ್ರ. ಶಾಸ್ತ್ರಗ್ರಂಥವೆಂದು ಇದನ್ನು ಒಪ್ಪಲು ಹಿಂಜರಿದವರಿದ್ದರು. ಕಾದಂಬರಿಗಳನ್ನು ಓದಿ ಬೆಳೆದ ನಮ್ಮ ವಿಭಾಗಗಳವರಿಗೆ ಆ ಹಿಂಜರಿಕೆ ಇರಬೇಕಾಗಿಲ್ಲ. ಅವರು ತಮ್ಮ ಮುಖ್ಯ ಗ್ರಂಥಗಳನ್ನು ಇಂಗ್ಲಿಷಿನಲ್ಲಿ ಬರೆದದ್ದು ಮಾತ್ರ ಕನ್ನಡಕ್ಕೆ ಉಳಿದ ಕೊರತೆ.

1972ರಲ್ಲಿ ವಿ. ಕೆ. ಆರ್. ವಿ. ರಾವ್ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದಾಗ ಶ್ರೀನಿವಾಸರು ಅದರ ಜಂಟಿ ನಿರ್ದೇಶಕರಾಗಿ ಕರ್ನಾಟಕಕ್ಕೆ ಮರಳಿದರು. ಮತ್ತೆ ಆಡಳಿತ, ಮತ್ತೆ ಸಮಿತಿಗಳು. 1977ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದು ಬರೆಯುತ್ತಲೇ ಇದ್ದರು. 1999ರ ನವೆಂಬರ್ 30ರಂದು ಅದೇ ನಗರದಲ್ಲಿ ನಿಧನರಾದರು.