ಕುಮರಿ ಕಾಡನ್ನು ಕಂಡ ಡಾಕ್ಟರ್ ಕ್ಲೆಗ್‌ಹಾರ್ನ್

ಮಲೆನಾಡಿನ ಕಾಡಿನ ಮಾತು ಬಂದಾಗ ಹ್ಯೂ ಕ್ಲೆಗ್‌ಹಾರ್ನನ ಹೆಸರನ್ನು ನೀವು ಕೇಳಿರಬಹುದು. 1820ರಲ್ಲಿ ಮದರಾಸಿನಲ್ಲಿ ಹುಟ್ಟಿದ ಈತ ಎಡಿನ್‌ಬರೋದಲ್ಲಿ ವೈದ್ಯ ವಿದ್ಯೆ ಕಲಿತು, 1840ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ಕೆಲಸ ಮಾಡಿದ. ಕಣ್ಣು ಮಾತ್ರ ಗಿಡಮರಗಳ ಮೇಲೆ.

ಘಟ್ಟದಲ್ಲಿ ಆಗ ಕುಮರಿ ಬೇಸಾಯವಿತ್ತು. ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಚೆಲ್ಲಿ, ಒಂದೆರಡು ಬೆಳೆ ತೆಗೆದು ಮುಂದೆ ಸಾಗುವುದು. ಬಿಟ್ಟ ನೆಲದಲ್ಲಿ ಮೊದಲು ಏಳುವುದು ಬಿಸಿಲು ಬೇಡುವ ಹುಲ್ಲು, ಮುಳ್ಳುಪೊದೆ. ನಿತ್ಯಹಸಿರು ಮರಗಳ ಸಸಿಗಳಿಗೆ ನೆರಳು, ತೇವ ಬೇಕು. ಪೊದೆಯ ಮರೆಯಲ್ಲಿ ಅವು ತಲೆಯೆತ್ತಲು ಬಹುಕಾಲ ಹಿಡಿಯುತ್ತದೆ. ಅಷ್ಟರೊಳಗೆ ಮತ್ತೆ ಕೊಡಲಿ ಬಿದ್ದರೆ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗಿ ಪೊದೆಯಷ್ಟೇ ಉಳಿಯುತ್ತದೆ.

1851ರಲ್ಲಿ ಉಷ್ಣವಲಯದ ಕಾಡುಗಳ ನಾಶದ ಬಗ್ಗೆ ಬ್ರಿಟನ್ನಿನ ವಿಜ್ಞಾನ ಸಭೆಗೆ ವರದಿ ಒಪ್ಪಿಸಿದವರಲ್ಲಿ ಈತ ಮುಖ್ಯ. 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಕನಾದ. 1860ರಲ್ಲಿ ಸರ್ಕಾರಿ ಕಾಡಿನಲ್ಲಿ ಅನುಮತಿಯಿಲ್ಲದ ಕುಮರಿ ನಿಂತಿತು. ಅದನ್ನೇ ನಂಬಿದ್ದ ಬಡವರ ಅನ್ನಕ್ಕೆ ಕುತ್ತು ಬಂತು. ರೈಲಿನ ಸ್ಲೀಪರಿಗೆ, ಉರುವಲಿಗೆ ಹೋದ ಮರವೇನು ಕಡಿಮೆಯೇ? ಅದನ್ನೂ ಕ್ಲೆಗ್‌ಹಾರ್ನ್ ಬರೆದಿದ್ದಾನೆ. ಆದರೂ ದೂರಿನ ಹೆಚ್ಚು ಪಾಲು ಕುಮರಿಯವರ ತಲೆಗೇ ಬಂತೆಂಬುದು ನನ್ನ ಎಣಿಕೆ.

ಮುಂದೆ ಸ್ಕಾಟ್ಲೆಂಡಿಗೆ ಮರಳಿದ ಈತ 1895ರಲ್ಲಿ ತೀರಿಕೊಂಡ.